ಫೋನು ಅಜ್ಜನದು, ಕೀಲಿಕೈ ಯಾರದು?

ದಾವಣಗೆರೆ: ಮಂಡಿಪೇಟೆ ಆಸುಪಾಸಿನ ಮೊಬೈಲ್ ಅಂಗಡಿಯೊಂದರ ಮುಂದಿನ ಬೆಂಚಿನ ಮೇಲೆ ಮೂರು ದಿನಗಳಿಂದ ಒಬ್ಬ ವೃದ್ಧರು ಬಂದು ಕೂರುತ್ತಿದ್ದರು. ಬೆಳಿಗ್ಗೆ ಹತ್ತೂವರೆಗೆ ಅಂಗಡಿಯ ಬಾಗಿಲು ಮೇಲೇರುವುದೇ ತಡ, ಅವರು ಹಾಜರು. ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದೊಳಗೆ 11 ಸಾವಿರ ಎಣಿಸಿ ಕೊಂಡ ಸ್ಮಾರ್ಟ್‌ಫೋನು.

ಫೋನಿನ ಗಾಜು ಒಡೆದಿಲ್ಲ. ಬ್ಯಾಟರಿ ಸತ್ತಿಲ್ಲ. ನೀರಿಗೆ ಬಿದ್ದಿಲ್ಲ. ಆದರೂ ಅದು ಮಾಲೀಕನಿಗೆ ಬಾಗಿಲು ತೆಗೆಯುತ್ತಿಲ್ಲ! ಈ ಫೋನಿನಲ್ಲಿ ಮೊದಲು ಇದ್ದ ಖಾತೆ ಯಾವುದು, ಅದರ ಗುಪ್ತಪದ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳುತ್ತ ಕೂತಿದೆ.

"ಅಜ್ಜಾ, ನಿಮ್ ಜೀಮೇಲ್ ಐಡಿ ಹೇಳ್ರಿ."

"ನಂದ್ಯಾವ್ದಪ್ಪಾ ಜೀಮೇಲು? ನೀವೇ ಹಾಕಿ ಕೊಟ್ರಲ್ಲ."

"ನಾನಲ್ಲಜ್ಜಾ. ಹಾಕಿ ಕೊಟ್ಟ ಹುಡ್ಗ ಕೆಲ್ಸ ಬಿಟ್ಟು ವರ್ಷ ಆತು. ಬೆಂಗ್ಳೂರಾಗೆ ಅದಾನಂತೆ. ಅವನ ನಂಬರೂ ಹೋಗಾಕತ್ತಿಲ್ಲ."

"ಹಂಗಾರೆ ನನ್ ಫೋನು?"

ಹುಡುಗ ತಲೆ ಕೆರೆದುಕೊಂಡ. ಅಷ್ಟರಲ್ಲಿ ಮುಂದಿನ ಗಿರಾಕಿ ಬಂದರು.

ಇದು ಒಬ್ಬ ಅಜ್ಜನ ಪಾಡಲ್ಲ. ದಿನಾ ಇಂಥ ಒಂದಿಬ್ಬರು ಬಂದೇ ಬರುತ್ತಾರೆ ಎಂದು ಅಂಗಡಿಯವರೇ ಒಪ್ಪುತ್ತಾರೆ. ಹೊಸ ಫೋನು ಕೊಂಡ ದಿನ ಗಲ್ಲಾದ ಮುಂದೆ ನಡೆಯುವ ಹತ್ತು ನಿಮಿಷದ ಅವಸರದ ಕೆಲಸವೇ ಇದಕ್ಕೆಲ್ಲ ಮೂಲ.

ಆ ಹತ್ತು ನಿಮಿಷದಲ್ಲಿ ನಡೆದದ್ದು

ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವರು ಈ ಅಜ್ಜ. ಹೆಂಡತಿಗೆ ಕಾಯಿಲೆ, ಮಗಳು ದೂರದ ಊರಿನಲ್ಲಿ. ಮುಖ ನೋಡಿ ಮಾತಾಡಬಹುದು ಎಂದು ಮಗಳೇ ಒತ್ತಾಯಿಸಿ ಹಣ ಕಳಿಸಿದಳು. ಅಜ್ಜ ಒಬ್ಬರೇ ಹೋಗಿ ಫೋನು ತಂದರು.

ಅಂದು ಅಂಗಡಿಯ ಹುಡುಗ ಡಬ್ಬಿ ಹರಿದ, ಸಿಮ್ ಹಾಕಿದ. ಭಾಷೆ ಯಾವುದು ಎಂದು ಫೋನು ಕೇಳಿತು; ಇಂಗ್ಲಿಷ್ ಒತ್ತಿದ. ಖಾತೆ ಕೇಳಿತು, ಬಾಯಿಗೆ ಬಂದ ಹೆಸರಿನಲ್ಲಿ ಒಂದು ಖಾತೆ ತೆರೆದ. ಗುಪ್ತಪದ ತನಗೆ ತೋಚಿದ್ದು ಹಾಕಿದ. ಗುಪ್ತಪದ ಮರೆತರೆ ಯಾವ ನಂಬರಿಗೆ ತಿಳಿಸಬೇಕು ಎಂದು ಕೇಳಿದಾಗ, ಅಜ್ಜನ ನಂಬರು ಕೇಳಿ ಬರೆಯುವ ಬದಲು ತನ್ನದೇ ನಂಬರು ಕೊಟ್ಟ. ಆಮೇಲೆ ಬಂದದ್ದಕ್ಕೆಲ್ಲ ಮುಂದೆ, ಮುಂದೆ, ಒಪ್ಪಿದೆ, ಒಪ್ಪಿದೆ. ಕೊನೆಗೆ ಚುಕ್ಕಿಗಳ ಮೇಲೆ ಬೆರಳೆಳೆದು ಒಂದು ಪ್ಯಾಟರ್ನ್ ಹಾಕಿ, "ಹಿಂಗ್ ಎಳೀರಿ ಅಜ್ಜ, ಓಪನ್ ಆಕ್ಕತಿ" ಎಂದು ತೋರಿಸಿ, ಮೇಲೊಂದು ಗಾಜು ಅಂಟಿಸಿ ಕೈಗಿಟ್ಟ.

ಹುಡುಗನಿಗೆ ಮೋಸ ಮಾಡುವ ಉದ್ದೇಶವೇನೂ ಇರಲಿಲ್ಲ. ಹಿಂದೆ ನಾಲ್ಕು ಮಂದಿ ನಿಂತಿದ್ದರು, ಅಷ್ಟೆ. ಅಜ್ಜನಿಗೂ ಖುಷಿ. ಬರುವಾಗ ಅರ್ಧ ಕೆಜಿ ಸ್ವೀಟು ಹಿಡಿದುಕೊಂಡೇ ಮನೆಗೆ ಬಂದರು.

ಫೋನು ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಈ ನಡುವೆ ಹೆಂಡತಿ ತೀರಿಕೊಂಡರು. ರಜೆಗೆಂದು ಬಂದ ಮೊಮ್ಮಗ ಆಟದ ಭರದಲ್ಲಿ ಪ್ಯಾಟರ್ನ್ ಬದಲಿಸಿದ, ಮಾರನೆಯ ದಿನ ತಾನೇ ಮರೆತ. ಅಜ್ಜ ಯಾವುದೋ ರಿಪೇರಿಯವನ ಬಳಿ ಹೋದರು. "ಫ್ಯಾಕ್ಟರಿ ರೀಸೆಟ್ ಹೊಡೀತೀನಿ ಅಜ್ಜ, ಎಲ್ಲ ಸರಿ ಹೋಗ್ತತಿ" ಎಂದ ಆತ.

"ಫ್ಯಾಕ್ಟರಿ ಮುಚ್ಚಿದ್ದು ಗೊತ್ತು ತಮ್ಮಾ. ರೀಸೆಟ್ ಅಂದ್ರೇನು?" ಎಂದು ಅಜ್ಜ ಕೇಳಿದರಂತೆ.

ರೀಸೆಟ್ ಎಂದರೆ ಫೋನಿನಲ್ಲಿ ಇದ್ದಬದ್ದದ್ದನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದ ದಿನದಂತೆ ಮಾಡುವುದು. ಎಲ್ಲ ಅಳಿಯಿತು. ಅಳಿಯದೆ ಉಳಿದದ್ದು ಒಂದೇ, ಆ ಬೀಗ.

ಬೀಗ ಒಳ್ಳೆಯದೇ

ಈ ಬೀಗದ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಈಚೆಗೆ ಈ ಕಾವಲು ಸೇರಿಕೊಂಡಿದೆ. ಕದ್ದವನು ಫೋನನ್ನು ಎಷ್ಟೇ ಅಳಿಸಿದರೂ, ಹಳೆಯ ಖಾತೆಯ ಗುಪ್ತಪದ ಅಥವಾ ಹಳೆಯ ಪ್ಯಾಟರ್ನ್ ಕೊಡದೆ ಅದು ತೆರೆಯದು. ಕಳ್ಳನ ಕೈಯಲ್ಲಿ ಅದು ಬರೀ ಗಾಜಿನ ತುಂಡು. ಜನರ ರಕ್ಷಣೆಗೇ ಮಾಡಿದ ಏರ್ಪಾಡು.

ಆದರೆ ಫೋನಿಗೆ ಕಳ್ಳ ಯಾರು, ಮಾಲೀಕ ಯಾರು ಎಂದು ಮುಖ ನೋಡಿ ಗೊತ್ತಾಗುವುದಿಲ್ಲ. ಕೀಲಿಕೈ ಇದ್ದವನೇ ಮಾಲೀಕ. ಇಲ್ಲಿ ಅಜ್ಜ 11 ಸಾವಿರ ಕೊಟ್ಟರು. ಕೀಲಿಕೈ ಮಾತ್ರ ಬೆಂಗಳೂರಿಗೆ ಹೋದ ಹುಡುಗನ ತಲೆಯಲ್ಲಿದೆ, ಅದೂ ಅವನಿಗೆ ನೆನಪಿದ್ದರೆ!

ಹೋದದ್ದೇನು?

ಗಿರಣಿ ಕಾರ್ಮಿಕರಾಗಿದ್ದ ಅಜ್ಜನಿಗೆ ಭವಿಷ್ಯನಿಧಿ ಕಚೇರಿಯ ಪಿಂಚಣಿ ಬರುತ್ತದೆ. ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಗಿತ್ತು. ಅಜ್ಜನಿಗೆ ಸಿಗುವುದು ಅದಕ್ಕಿಂತ ಸ್ವಲ್ಪ ಹೆಚ್ಚು. ಅದಕ್ಕೂ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ರುಜುವಾತು ಕೊಡಬೇಕು. ಕೊಡದಿದ್ದರೆ ಹಣ ನಿಲ್ಲುತ್ತದೆ. 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಈಗ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಇದನ್ನು ಮಾಡಬಹುದು. ಹಿಂದಿನ ಸಲ ಮಗಳೇ ಕೂತು ಈ ಫೋನಿನಲ್ಲೇ ಮಾಡಿಕೊಟ್ಟಿದ್ದಳು. ಈ ಸಲ ಗಡುವು ಹತ್ತಿರ ಬಂದಾಗ ಫೋನು ಬೆಂಚಿನ ಮೇಲೆ.

ಅದಕ್ಕಾದರೂ ಬೇರೆ ದಾರಿ ಉಂಟು. ಬೇರೆಯವರ ಫೋನಿನಲ್ಲೂ ಆಗುತ್ತದೆ. ಬೇರೆ ದಾರಿ ಇಲ್ಲದ್ದು ಇನ್ನೊಂದಿದೆ.

"ನಮ್ ಮನ್ಯಾಕಿ ಫೋಟಾ ಎಲ್ಲಾ ಇದ್ರಾಗೇ ಇದ್ವು. ಕೊನೇ ವರ್ಷದವು. ಮಾತಾಡಿದ್ದೂ ಇತ್ತು" ಎಂದು ಅಜ್ಜ ಹೇಳಿದಾಗ ಅಂಗಡಿಯಲ್ಲಿದ್ದವರು ಸುಮ್ಮನಾದರು.

ಫೋನಿನಲ್ಲಿದ್ದ ಪ್ರತಿ ಅಳಿದಿದೆ. ನಕಲು ಗೂಗಲ್ ಖಾತೆಗೆ ಹೋಗಿ ಸೇರಿರುವ ಸಾಧ್ಯತೆ ಉಂಟು. ಅಂಥ ಖಾತೆಯಲ್ಲಿ 15 ಜಿಬಿವರೆಗೆ ಪುಕ್ಕಟೆ ಜಾಗವಿದೆ. ಆದರೆ ಆ ಖಾತೆಯ ಹೆಸರೇ ಅಜ್ಜನಿಗೆ ಗೊತ್ತಿಲ್ಲ. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ಅಳಿಸಿಹಾಕುವುದಾಗಿ ಆ ಕಂಪನಿ 2023ರಲ್ಲೇ ಪ್ರಕಟಿಸಿದೆ. ಅಂದರೆ ಆ ಫೋಟೋಗಳಿಗೂ ಒಂದು ಗಡುವು ಇದೆ. ಪಿಂಚಣಿಯ ಗಡುವಾದರೆ ತಿಳಿಯುತ್ತದೆ. ಇದರ ಗಡುವನ್ನು ಯಾರೂ ಬಂದು ಹೇಳುವುದಿಲ್ಲ.

ಅಂಗಡಿಯವರ ಮಾತೂ ಕೇಳಿ

ತಪ್ಪೆಲ್ಲ ಅಂಗಡಿಯವರದೇ ಎಂದರೆ ನ್ಯಾಯವಲ್ಲ. ಹದಿನೈದು ವರ್ಷದಿಂದ ಇದೇ ವ್ಯಾಪಾರದಲ್ಲಿರುವವರೊಬ್ಬರು ತಮ್ಮ ಗೋಳು ತೋಡಿಕೊಂಡರು: "ನೀವೇ ಪಾಸ್‌ವರ್ಡ್ ಹಾಕ್ರಿ ಅಂತ ಫೋನ್ ಕೈಗೆ ಕೊಟ್ರೆ, ಅದೆಲ್ಲ ನಮಗ್ಯಾಕೆ, ನೀವೇ ಏನಾರ ಹಾಕಿ ಕೊಡ್ರಿ ಅಂತಾರೆ. ಬರಕಳ್ರಿ ಅಂದ್ರೆ ಡಬ್ಬಿ ಮೇಲೆ ಬರೀತಾರೆ, ಡಬ್ಬಿ ಎಸೀತಾರೆ. ಹಬ್ಬದ ಟೈಮ್‌ನಾಗೆ ಒಬ್ಬೊಬ್ರಿಗೆ ಅರ್ಧ ತಾಸು ಕುಂತ್ರೆ ವ್ಯಾಪಾರ ಹೆಂಗ್ ಮಾಡಾದು?"

ಮಾತಿನಲ್ಲಿ ಸತ್ಯವಿದೆ. ಹೊಸ ಸೈಕಲ್ ಕೊಂಡರೆ ಸೀಟು ತನ್ನ ಎತ್ತರಕ್ಕೆ ಬಂತೇ ಎಂದು ಹತ್ತಿ ಕೂತು ನೋಡುವ ಜನ, ಫೋನು ಕೊಂಡಾಗ ಮಾತ್ರ ಪಕ್ಕದ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಾರೆ!

ಆ ಅರ್ಧ ಗಂಟೆ ಹೀಗಿರಲಿ

ಹಾಗಾದರೆ ಹೊಸ ಫೋನು ಕೊಂಡವರು ಮಾಡಬೇಕಾದ್ದೇನು? ತಿಳಿದವರು ಹೇಳುವುದನ್ನು ಒಂದೊಂದಾಗಿ ಕೇಳಿ.

ಮೊದಲನೆಯದು, ಬಿಲ್ಲು. ನಾಲ್ಕು ಕಾಸು ಉಳಿಯುತ್ತದೆಂದು ಬಿಲ್ಲಿಲ್ಲದೆ ಕೊಳ್ಳಬೇಡಿ. ಡಬ್ಬಿಯ ಮೇಲೆ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಫೋನಿನಲ್ಲಿ *#06# ಒತ್ತಿದರೂ ಕಾಣುತ್ತದೆ. ಅದನ್ನು ಬರೆದಿಡಿ. ಫೋನು ಕಳೆದರೆ ಪೊಲೀಸ್ ದೂರು ಕೊಟ್ಟು, 2023ರಲ್ಲಿ ದೇಶಕ್ಕೆಲ್ಲ ತೆರೆದ ಸಂಚಾರ್ ಸಾಥಿ ತಾಣದ ಮೂಲಕ ಆ ಫೋನು ಯಾವ ಸಿಮ್ಮಿಗೂ ನಡೆಯದಂತೆ ತಡೆ ಹಾಕಿಸಬಹುದು. ಅದಕ್ಕೆ ಈ ಸಂಖ್ಯೆಯೇ ಆಧಾರ.

ಎರಡನೆಯದು, ಭಾಷೆ. ಮೊದಲ ಪರದೆಯಲ್ಲೇ ಕನ್ನಡ ಇರುತ್ತದೆ, ಸ್ವಲ್ಪ ಕೆಳಗೆ ಸರಿಸಬೇಕು. ಭಾರತದಲ್ಲಿ ಮಾರುವ ಫೋನುಗಳು ನಮ್ಮ ಭಾಷೆಗಳ ಅಕ್ಷರ ತೋರಿಸಲೇಬೇಕು ಎಂಬ ನಿಯಮ ಜಾರಿಯಲ್ಲಿದೆ. ಫೋನಿನ ಕನ್ನಡ ಕೆಲವು ಕಡೆ ಸರ್ಕಾರಿ ಸುತ್ತೋಲೆಯಂತೆ ಬಿಗಿಯಾಗಿದೆ, ನಿಜ. ಆದರೂ ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇವೆ ಎಂಬುದಾದರೂ ತಿಳಿಯುತ್ತದೆ.

ಮೂರನೆಯದು, ಖಾತೆ. ಎಲ್ಲಕ್ಕಿಂತ ಮುಖ್ಯ ಇದೇ. ಹೆಸರು ನಿಮ್ಮದಿರಲಿ, ಗುಪ್ತಪದ ನೀವೇ ಆರಿಸಿ, ನಿಮ್ಮ ಬೆರಳಿನಿಂದಲೇ ಒತ್ತಿ. ಮರೆತರೆ ತಿಳಿಸಬೇಕಾದ ನಂಬರು ನಿಮ್ಮದೇ ಆಗಿರಲಿ. ಖಾತೆಯ ಹೆಸರನ್ನೂ ಗುಪ್ತಪದವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಜಮೀನಿನ ಪತ್ರ ಇಡುವ ಟ್ರಂಕಿನಲ್ಲಿ ಇಡಿ. ಡಬ್ಬಿಯ ಮೇಲೆ ಬೇಡ, ಫೋನಿನ ಕವರಿನೊಳಗೆ ಚೀಟಿ ಸಿಕ್ಕಿಸುವುದಂತೂ ಬೇಡವೇ ಬೇಡ. ಹಳೆಯ ಖಾತೆ ಇದ್ದರೆ ಹೊಸದು ತೆರೆಯದೆ ಅದನ್ನೇ ಹಾಕಿ. ಫೋನಿಗೊಂದು ಖಾತೆ ಮಾಡುತ್ತ ಹೋದರೆ ಫೋಟೋ ಒಂದು ಕಡೆ, ನಂಬರುಗಳು ಒಂದು ಕಡೆ ಆಗುತ್ತವೆ.

ನಾಲ್ಕನೆಯದು, ಪರದೆಯ ಬೀಗ. ಹುಟ್ಟಿದ ವರ್ಷ, 1234, ಇಂಗ್ಲಿಷಿನ 'ಎಲ್' ಅಕ್ಷರದ ಪ್ಯಾಟರ್ನ್, ಇವೆಲ್ಲ ಊರಿಗೇ ಗೊತ್ತಿರುವ ಬೀಗಗಳು. ಬೆರಳಚ್ಚು ಇಟ್ಟರೂ ಅದರ ಹಿಂದೆ ಒಂದು ಅಂಕಿ ಇದ್ದೇ ಇರುತ್ತದೆ. ಫೋನು ಆರಿ ಹೊತ್ತಿದಾಗ ಅದನ್ನೇ ಕೇಳುತ್ತದೆ. ಗಿರಣಿಯಲ್ಲೋ ಗಾರೆ ಕೆಲಸದಲ್ಲೋ ಬೆರಳು ಸವೆದವರಿಗೆ ಬೆರಳಚ್ಚು ಸರಿಯಾಗಿ ಹತ್ತುವುದೂ ಇಲ್ಲ. ಅಂಥವರಿಗೆ ಅಂಕಿಯೇ ವಾಸಿ.

ಐದನೆಯದು, ಒಪ್ಪಿಗೆ. ಟಾರ್ಚು ಹಚ್ಚುವ ಆ್ಯಪಿಗೆ ನಿಮ್ಮ ನಂಬರುಗಳ ಪಟ್ಟಿ ಯಾಕೆ? ಆಟದ ಆ್ಯಪಿಗೆ ನೀವಿರುವ ಜಾಗ ಯಾಕೆ? ಕೇಳಿದಾಗ ಬೇಡ ಎಂದು ಒತ್ತಿದರೆ ಫೋನೇನೂ ಮುನಿಸಿಕೊಳ್ಳುವುದಿಲ್ಲ. ಹಲವು ಕಡೆ 'ಬಳಸುವಾಗ ಮಾತ್ರ' ಎಂಬ ನಡುವಿನ ದಾರಿಯೂ ಉಂಟು. ಕೊಂಡ ದಿನವೇ ಒಳಗೆ ತುಂಬಿ ಬಂದ ಬೇಡದ ಆಟ, ಅಂಗಡಿ, ಸುದ್ದಿಗಳ ಆ್ಯಪುಗಳಲ್ಲಿ ತೆಗೆಯಲು ಬರುವಂಥವನ್ನು ತೆಗೆಯಿರಿ. ಜಾಗವೂ ಉಳಿಯುತ್ತದೆ, ಹೊತ್ತುಗೊತ್ತಿಲ್ಲದೆ ಟಿಣ್ ಟಿಣ್ ಎನ್ನುವುದೂ ತಪ್ಪುತ್ತದೆ.

ಸೊಪ್ಪಿನ ಅಕ್ಕನ ಜಾಣತನ

ಇಷ್ಟೆಲ್ಲ ಓದುಬರಹ ಬಲ್ಲವರ ಕೆಲಸ ಎನ್ನುವವರು ಸೊಪ್ಪು ಮಾರುವ ಅಕ್ಕನ ಫೋನು ನೋಡಬೇಕು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಕಾಲೇಜಿಗೆ ಹೋಗುವ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋದಳು, ಆದರೆ ಫೋನು ಮಗಳ ಕೈಗೆ ಕೊಡಲಿಲ್ಲ. "ನೀ ಬಾಯಾಗ್ ಹೇಳು, ನಾ ಒತ್ತತೀನಿ" ಎಂದು ಗದರಿದಳಂತೆ.

ಅವಳ ಫೋನು ಈಗ ಅವಳ ಮನೆಯಂತಿದೆ. ಅಕ್ಷರ ದೊಡ್ಡದು ಮಾಡಿದ್ದಾಳೆ. ಮೊದಲ ಪರದೆಯಲ್ಲಿ ಐದೇ ಐದು ಗುರುತು, ಉಳಿದದ್ದೆಲ್ಲ ಒಳಗೆ. ಹೆಸರು ಓದುವ ತೊಂದರೆ ಬೇಡವೆಂದು ಸಗಟು ವ್ಯಾಪಾರಿ, ಆಟೋದವನು, ತಮ್ಮ, ಮಗಳು ಎಲ್ಲರ ನಂಬರಿಗೂ ಮುಖದ ಫೋಟೋ ಅಂಟಿಸಿದ್ದಾಳೆ. ಮಗಳ ಕರೆಗೆ ಬೇರೆ ರಿಂಗು, ಸಗಟಿನವನಿಗೆ ಬೇರೆ. ಕೈ ಒದ್ದೆ ಇದ್ದಾಗ ಶಬ್ದದಲ್ಲೇ ತಿಳಿಯುತ್ತದೆ, ಎದ್ದು ಓಡಬೇಕೋ ಬೇಡವೋ ಎಂದು! ಬರೆಯಲು ಬಾರದ್ದಕ್ಕೂ ಚಿಂತೆಯಿಲ್ಲ. ಕೀಲಿಮಣೆಯ ಮೇಲಿನ ಮೈಕು ಒತ್ತಿ "ನಾಳಿಕ್ಕೆ ಮೆಂತ್ಯ ಇಪ್ಪತ್ತು ಕಟ್ಟು" ಎಂದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಗೂಗಲ್ ಕೀಲಿಮಣೆಗೆ ಈ ಸೌಲಭ್ಯ ಕನ್ನಡದಲ್ಲಿ ಬಂದದ್ದು 2017ರಲ್ಲಿ. ಆಡುಮಾತು ಕೆಲವೊಮ್ಮೆ ತಪ್ಪಾಗಿ ಬರೆಯುತ್ತದೆ. ಸಗಟಿನವನಿಗೆ ಅರ್ಥವಾದರೆ ಸಾಕಲ್ಲ.

ಬಿಪಿ ಇರುವುದರಿಂದ 'ತುರ್ತು ಮಾಹಿತಿ' ಎಂಬಲ್ಲಿ ಕಾಯಿಲೆಯನ್ನೂ ಮಗಳ ನಂಬರನ್ನೂ ತುಂಬಿಸಿದ್ದಾಳೆ. ಎಲ್ಲಾದರೂ ಬಿದ್ದರೆ ಬೀಗ ತೆಗೆಯದೆಯೇ ಬೇರೆಯವರು ಅದನ್ನು ನೋಡಬಹುದು. ಗೋಡೆಯ ಚಿತ್ರ ಯಾವುದು? ಉಚ್ಚಂಗಿ ಎಲ್ಲಮ್ಮನದು. ಫೋನನ್ನು ತನ್ನದು ಮಾಡಿಕೊಳ್ಳುವುದು ಎಂದರೆ ಇದೇ. ಬಣ್ಣದ ಕವರು ಹಾಕಿಸುವುದೊಂದೇ ಅಲ್ಲ.

ಹಣದ ಬೀಗ ಬೇರೆ

ಹಣ ಕಳಿಸುವ ಆ್ಯಪಿನದು ಇನ್ನೊಂದು ಬೀಗ. 2016ರಲ್ಲಿ ಬಂದ ಯುಪಿಐ ಈಗ ಸೊಪ್ಪಿನ ಕುಕ್ಕೆಯವರೆಗೂ ತಲುಪಿದೆ. ಹೊಸ ಫೋನಿನಲ್ಲಿ ಇದನ್ನು ಹೂಡುವಾಗ ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ಮು ಅದೇ ಫೋನಿನಲ್ಲಿರಬೇಕು. ಅದರಿಂದ ಒಂದು ಎಸ್ಸೆಮ್ಮೆಸ್ ಹೋಗಿ ಗುರುತು ಖಾತರಿಯಾಗುತ್ತದೆ. ಈ ಕೆಲಸವನ್ನು ಅಂಗಡಿಯಲ್ಲಿ ಮಾಡಿಸಲೇಬೇಡಿ. ಮನೆಗೆ ಹೋಗಿ, ನಂಬಿಗಸ್ತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಗುಪ್ತ ಅಂಕಿ ಒತ್ತುವಾಗ ಅವರೂ ಅತ್ತ ನೋಡಲಿ.

ಹಣ ಕಳಿಸಲು ಮಾತ್ರ ಆ ಅಂಕಿ ಬೇಕು, ಬರುವ ಹಣಕ್ಕೆ ಬೇಡ. "ನಿಮಗೆ ಹಣ ಬಂದೈತಿ, ಪಿನ್ ಒತ್ರಿ" ಎಂದು ಯಾರಾದರೂ ಹೇಳಿದರೆ ಅವರು ಕಳ್ಳರೇ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೊತ್ತು ಹೋದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವವರು ಇನ್ನೊಂದು ಮಾತು ನೆನಪಿಡಬೇಕು. ಮೊದಲು ಫೋಟೋ, ನಂಬರು, ವಾಟ್ಸಾಪ್ ಎಲ್ಲ ಹೊಸದಕ್ಕೆ ಬಂತೇ ಎಂದು ತೆರೆದು ನೋಡಿ. ಆಮೇಲೆ ಹಳೆಯದರಿಂದ ನಿಮ್ಮ ಖಾತೆ ತೆಗೆದು, ನಂತರ ಅಳಿಸಿ. ಖಾತೆ ತೆಗೆಯದೆ ಮಾರಿದರೆ ಅಜ್ಜನ ಪಾಡು ಕೊಂಡವನದಾಗುತ್ತದೆ.

ಹೇಳಿಕೊಡುವವರು ಯಾರು?

ಪಿಂಚಣಿ, ಪಡಿತರ, ಬ್ಯಾಂಕು, ಆಸ್ಪತ್ರೆ, ಎಲ್ಲದಕ್ಕೂ ಫೋನಿಗೆ ಓಟಿಪಿ ಕಳಿಸುವ ಕಚೇರಿಗಳಿವೆ. ಆ ಫೋನು ಯಾರ ಕೈಯಲ್ಲಿದೆ, ಅದರ ಕೀಲಿ ಯಾರ ಬಳಿ ಇದೆ ಎಂದು ಕೇಳುವವರಿಲ್ಲ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ವಾರಕ್ಕೊಂದು ಸಂಜೆ ಅಲ್ಲಿ ಹಿರಿಯರನ್ನು ಕೂರಿಸಿ, ಕಾಲೇಜು ಹುಡುಗರಿಂದ ಇಷ್ಟು ಹೇಳಿಸಿದರೆ ಬೊಕ್ಕಸಕ್ಕೇನೂ ತೂತು ಬೀಳದು. ಅಂಗಡಿಯವರೂ ಗಲ್ಲಾದ ಪಕ್ಕ ಒಂದು ಸ್ಟೂಲು ಹಾಕಿ, 'ಗುಪ್ತಪದ ಗಿರಾಕಿಗಳೇ ಹಾಕಬೇಕು' ಎಂದು ಬೋರ್ಡು ಬರೆಸಲಿ. ಉದ್ದರಿ ಇಲ್ಲ ಎಂದು ಬರೆಸಲು ಆಗುತ್ತದಾದರೆ ಇದು ಯಾಕೆ ಆಗದು?

ಕೊನೆಗೆ ಆದದ್ದು

ಅಜ್ಜನ ಪಿಂಚಣಿಯ ಸಂಕಟ ಪೋಸ್ಟ್‌ಮನ್‌ನಿಂದ ನೀಗಿತು. ಅಂಚೆ ಪಾವತಿ ಬ್ಯಾಂಕಿನ ವ್ಯವಸ್ಥೆಯಲ್ಲಿ ಪೋಸ್ಟ್‌ಮನ್ ಮನೆಗೇ ಬಂದು ಜೀವನ್ ಪ್ರಮಾಣ್ ಮಾಡಿಕೊಡುತ್ತಾರೆ. ಮಗಳು ದೂರದಿಂದಲೇ ವಿಚಾರಿಸಿ ಹೇಳಿದಳು. ಅಜ್ಜ ಜಗಲಿಯಲ್ಲೇ ಕೂತು, ಇನ್ನೊಂದು ವರ್ಷಕ್ಕೆ ಬದುಕಿದ್ದಾರೆಂದು ದಾಖಲಾಯಿತು.

ಫೋನಿನ ಬಿಲ್ಲು ಹೆಂಡತಿಯ ಸೀರೆ ಟ್ರಂಕಿನಲ್ಲಿ ಸಿಕ್ಕಿತು. ಆ ಅಮ್ಮನೇ ಮಡಿಸಿ ಇಟ್ಟಿದ್ದರು. "ಐನೂರು ಕೊಟ್ರೆ ಬೀಗ ಒಡೀತೀನಿ" ಎನ್ನುವವರ ಅಡ್ಡದಾರಿ ಬೇಡವೆಂದು ಅಂಗಡಿಯ ಹುಡುಗನೇ ಬಿಲ್ಲು ಹಿಡಿದು, ಅಜ್ಜನನ್ನು ಕಂಪನಿಯ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋದ. ದಾಖಲೆ ನೋಡಿ ಅವರು ಬೀಗ ತೆಗೆದುಕೊಟ್ಟರು. ಫೋನು ತೆರೆಯಿತು, ಖಾಲಿ ಫೋನು.

ಫೋಟೋಗಳ ಸುದ್ದಿಯಿಲ್ಲ. ಬೆಂಗಳೂರಿಗೆ ಹೋದ ಹುಡುಗನನ್ನು ಹುಡುಕಲು ಅಂಗಡಿಯವರು ಅವನ ಊರಿಗೆ ಹೇಳಿಕಳಿಸಿದ್ದಾರೆ. ಮಗಳ ಫೋನಿನಲ್ಲಿದ್ದ ಏಳೆಂಟು ಚಿತ್ರಗಳು ಬಂದಿವೆ.

ಈ ಸಲ ಅಜ್ಜ ಸ್ಟೂಲಿನ ಮೇಲೆ ಕೂತರು, ಚಹಾಕ್ಕೆ ಹೋಗಲಿಲ್ಲ. ಭಾಷೆ ಕೇಳಿದಾಗ ಕನ್ನಡ ಒತ್ತಿದರು. ಖಾತೆಗೆ ತಮ್ಮದೇ ಹೆಸರು, ತಮ್ಮದೇ ನಂಬರು. ಒಂದೊಂದು ಅಕ್ಷರಕ್ಕೂ ಒಂದೊಂದು ನಿಮಿಷ. ಹಿಂದೆ ನಿಂತ ಗಿರಾಕಿಗಳು ಗೊಣಗಿದರು. "ತಡ್ಕಳ್ರಿ, ನಿಮ್ಗೂ ಹಿಂಗೇ ಮಾಡ್ಸಾದು" ಎಂದು ಹುಡುಗ ಗದರಿದ.

ಗುಪ್ತಪದ ಹಾಕುವ ಹೊತ್ತು ಬಂದಾಗ ಅಜ್ಜ ತಲೆ ಎತ್ತಿ ಅವನ ಮುಖ ನೋಡಿದರು.

"ನೀವೇ ಹಾಕ್ರಿ ಅಜ್ಜ" ಎಂದು ಹುಡುಗ ರಸ್ತೆಯ ಕಡೆ ತಿರುಗಿ ನಿಂತ.